ಎದೆ ತೆರೆದ ಮೇಲಿನ ದಿನಗಳು

1951ರ ಸೆಪ್ಟೆಂಬರ್ 23, ಭಾನುವಾರ. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಒಂದು ಕೋಣೆ ಆಪರೇಷನ್ ಥಿಯೇಟರ್ ಆಗಿ ಮಾರ್ಪಟ್ಟಿತ್ತು. ಅಲಂಕಾರದ ಸಾಮಾನೆಲ್ಲ ಹೊರಗೆ ಹೋಗಿ ಮೇಜು, ದೀಪ, ಅರಿವಳಿಕೆಯ ಯಂತ್ರ ಒಳಗೆ ಬಂದಿದ್ದವು. ಸರ್ಜನ್ ಕ್ಲೆಮೆಂಟ್ ಪ್ರೈಸ್ ಥಾಮಸ್ ಅಂದು ದೊರೆ ಆರನೆಯ ಜಾರ್ಜ್ ಅವರ ಎಡ ಶ್ವಾಸಕೋಶವನ್ನು ಪೂರ್ತಿಯಾಗಿ ತೆಗೆದರು. ಕಾಯಿಲೆ ಕ್ಯಾನ್ಸರ್. ಆ ಮಾತನ್ನು ರೋಗಿಗೆ ಮಾತ್ರ ಯಾರೂ ಹೇಳಲಿಲ್ಲ.

ಆಪರೇಷನ್ ಆ ದಿನವೇ ಮುಗಿಯಿತು. ಚೇತರಿಕೆ ಮುಗಿಯಲಿಲ್ಲ. ಕ್ರಿಸ್‌ಮಸ್‌ಗೆ ರೇಡಿಯೋದಲ್ಲಿ ನೇರವಾಗಿ ಮಾತಾಡುತ್ತಿದ್ದ ದೊರೆಗೆ ಆ ವರ್ಷ ಉಸಿರೂ ಸಾಲಲಿಲ್ಲ, ಧ್ವನಿಯೂ ಏಳಲಿಲ್ಲ. ಭಾಷಣವನ್ನು ಮುಂಚೆಯೇ ಒಂದೆರಡು ವಾಕ್ಯಗಳಂತೆ ಬಿಡಿಬಿಡಿಯಾಗಿ ಧ್ವನಿಮುದ್ರಿಸಿ ಜೋಡಿಸಬೇಕಾಯಿತು. 1952ರ ಫೆಬ್ರುವರಿ 6ರಂದು ಅವರು ನಿದ್ದೆಯಲ್ಲೇ ತೀರಿಕೊಂಡರು. ಕಾರಣವೆಂದು ಹೇಳಿದ್ದು ಹೃದಯದ ರಕ್ತನಾಳ ಕಟ್ಟಿಕೊಂಡದ್ದನ್ನು. ಎದೆಯನ್ನು ತೆರೆಯುವ ವಿದ್ಯೆ ಅರಮನೆಯ ಕೋಣೆಯೊಳಕ್ಕೆ ಬರುವಷ್ಟು ಪಳಗಿತ್ತು. ತೆರೆದ ಎದೆಯನ್ನು ಮುಚ್ಚಿದ ಮೇಲೆ ಎದುರಾಗುವ ವಾರಗಳನ್ನು, ತಿಂಗಳುಗಳನ್ನು ಹೇಗೆ ನಡೆಸಬೇಕೆಂಬ ವಿದ್ಯೆ ಇನ್ನೂ ರೂಪುಗೊಳ್ಳುತ್ತಿತ್ತು.

ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಕತ್ತರಿ ಹಿಡಿದವರ ಕಥೆ ಹೇಳುತ್ತಾರೆ. ಎದೆಯ ವಿಷಯದಲ್ಲಿ ಆ ಕಥೆ ಅರ್ಧ ಮಾತ್ರ. ರೋಗಿ ಉಳಿದದ್ದು ಬಹುಮಟ್ಟಿಗೆ ಆಮೇಲಿನ ಆರೈಕೆಯಿಂದ: ಬಾಟಲಿಯೊಳಗಿನ ನೀರನ್ನು ಗಮನಿಸಿದ ನರ್ಸ್, ನೋವಿನಲ್ಲೂ ಕೆಮ್ಮಿಸಿದ ಫಿಸಿಯೋಥೆರಪಿಸ್ಟ್, ಹಾಸಿಗೆಯಿಂದ ಎಬ್ಬಿಸಿ ನಡೆಸಿದ ಕೈಗಳಿಂದ.

ಇದಕ್ಕೆ ಕಾರಣ ಎದೆಗೂಡಿನ ರಚನೆಯಲ್ಲೇ ಇದೆ. ಹೊಟ್ಟೆಯನ್ನು ಕೊಯ್ದರೆ ಒಳಗಿನ ಅಂಗಗಳು ಇದ್ದಲ್ಲೇ ಇರುತ್ತವೆ. ಎದೆಯನ್ನು ಕೊಯ್ದರೆ ಹಾಗಲ್ಲ. ಶ್ವಾಸಕೋಶಕ್ಕೂ ಪಕ್ಕೆಲುಬಿನ ಗೋಡೆಗೂ ನಡುವಿನ ತೆಳು ಜಾಗದಲ್ಲಿ ಒತ್ತಡವು ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ. ಶ್ವಾಸಕೋಶ ಹಿಗ್ಗಿ ನಿಲ್ಲುವುದು ಅದರಿಂದಲೇ. ಒಂದು ತೂತು ಬಿದ್ದು ಗಾಳಿ ನುಗ್ಗಿದರೆ ಸಾಕು, ಅದು ಗಾಳಿ ಹೋದ ಬಲೂನಿನಂತೆ ಮುದುಡಿಕೊಳ್ಳುತ್ತದೆ. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ದಾಪುಗಾಲು ಹಾಕುತ್ತಿದ್ದಾಗ ಎದೆಯ ಹತ್ತಿರ ಹೋಗಲು ಸರ್ಜನ್ನರು ಹಿಂಜರಿದರು. 1904ರಲ್ಲಿ ಬ್ರೆಸ್ಲಾವ್ ನಗರದ ಫರ್ಡಿನಾಂಡ್ ಸೌವರ್‌ಬ್ರುಕ್ ಇದಕ್ಕೊಂದು ವಿಚಿತ್ರ ಪರಿಹಾರ ತೋರಿಸಿದರು. ರೋಗಿಯ ತಲೆ ಹೊರಗೆ, ಮೈ ಒಳಗೆ ಇರುವಂಥ ದೊಡ್ಡ ಪೆಟ್ಟಿಗೆ. ಸರ್ಜನ್ನರೂ ಅದರೊಳಗೇ ನಿಂತು ಕೆಲಸ ಮಾಡಬೇಕು. ಒಳಗಿನ ಗಾಳಿಯ ಒತ್ತಡವನ್ನು ತಗ್ಗಿಸಿರಬೇಕು. ಮುಂದೆ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಗಾಳಿ ಊದುವ ಅರಿವಳಿಕೆ ಬಂದು ಈ ಪೆಟ್ಟಿಗೆ ಮೂಲೆಗೆ ಸರಿಯಿತು.

ಆಪರೇಷನ್ ನಂತರದ ಆರೈಕೆಯ ಮೊದಲ ದೊಡ್ಡ ಸಾಧನ ಮಾತ್ರ ಪೆಟ್ಟಿಗೆಯಷ್ಟು ಆಡಂಬರದ್ದಲ್ಲ. ಹ್ಯಾಂಬರ್ಗಿನ ವೈದ್ಯ ಗಾಟ್‌ಹಾರ್ಡ್ ಬ್ಯೂಲಾವ್ 1870ರ ದಶಕದಲ್ಲಿ, ಎದೆಯಲ್ಲಿ ಕೀವು ತುಂಬಿದ ರೋಗಿಗಳಿಗೆ ಪಕ್ಕೆಲುಬುಗಳ ನಡುವೆ ರಬ್ಬರ್ ಕೊಳವೆ ಇಳಿಸಿ, ಅದರ ಇನ್ನೊಂದು ತುದಿಯನ್ನು ನೆಲದ ಮೇಲಿಟ್ಟ ಬಾಟಲಿಯ ನೀರಿನಲ್ಲಿ ಮುಳುಗಿಸಿದರು. ಕೀವು, ರಕ್ತ, ಗಾಳಿ ಹೊರಗೆ ಬರುತ್ತವೆ. ನೀರು ಅಡ್ಡವಿರುವುದರಿಂದ ಹೊರಗಿನ ಗಾಳಿ ಒಳಗೆ ಹೋಗಲಾರದು. 1891ರಲ್ಲಿ ಅವರು ಈ ವಿಧಾನವನ್ನು ಪ್ರಕಟಿಸಿದರು. ಇಂದು ಎದೆಯ ಆಪರೇಷನ್ ಆದ ರೋಗಿಯ ಮಂಚದ ಪಕ್ಕ ಕಾಣುವ ಪ್ಲಾಸ್ಟಿಕ್ ಡಬ್ಬಿಯೂ ಅದೇ ತತ್ವದ್ದು.

ಇಷ್ಟು ಸರಳವಾದದ್ದನ್ನು ಕಾಯುವುದು ಸರಳವಲ್ಲ. ಉಸಿರಾಟದೊಂದಿಗೆ ಕೊಳವೆಯ ನೀರು ಏರಿಳಿಯಬೇಕು. ಏರಿಳಿತ ನಿಂತರೆ ಒಂದೋ ಶ್ವಾಸಕೋಶ ಪೂರ್ತಿ ಹಿಗ್ಗಿದೆ, ಇಲ್ಲವೇ ಕೊಳವೆ ಕಟ್ಟಿಕೊಂಡಿದೆ. ಮೊದಲನೆಯದು ಶುಭ, ಎರಡನೆಯದು ಅಪಾಯ. ಬಾಟಲಿಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿದರೆ ನೀರು ಹಿಂದಕ್ಕೆ ಹರಿದು ಎದೆಯೊಳಗೆ ಸೇರುತ್ತದೆ. ಗಂಟೆಗೆ ಎಷ್ಟು ರಕ್ತ ಬಂತು, ಯಾವ ಬಣ್ಣ, ಗುಳ್ಳೆ ಏಳುತ್ತಿದೆಯೇ ಎಂದು ಬರೆದಿಡಬೇಕು. ಈ ಕಾವಲು ಸರ್ಜನ್ನರದಲ್ಲ, ರಾತ್ರಿ ಪಾಳಿಯ ನರ್ಸ್‌ಗಳದು.

ಎದೆಯ ಆರೈಕೆಗೂ ಒಂದು ಶಾಸ್ತ್ರವಿದೆ ಎಂದು ಅಂಕಿಗಳ ಸಮೇತ ತಿಳಿದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. 1917-18ರ ಚಳಿಗಾಲದಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ದಡಾರದ ಬೆನ್ನಿಗೇ ಸ್ಟ್ರೆಪ್ಟೊಕಾಕಸ್ ನ್ಯುಮೋನಿಯಾ ಹಬ್ಬಿತು. ಎಷ್ಟೋ ಸೈನಿಕರ ಎದೆಯಲ್ಲಿ ಕೀವು ತುಂಬಿತು. ಕೀವು ಕಂಡ ಕೂಡಲೇ ಪಕ್ಕೆಲುಬು ಕತ್ತರಿಸಿ ತೆರೆದು ಬಿಡುವುದು ಅಂದಿನ ರೂಢಿ. ಹೀಗೆ ಮಾಡಿದವರಲ್ಲಿ ನೂರಕ್ಕೆ ಮೂವತ್ತರಷ್ಟು ಜನ ಸಾಯುತ್ತಿದ್ದರು. ಇದನ್ನು ಪರಿಶೀಲಿಸಲು 1918ರಲ್ಲಿ ಸೇನೆ ಒಂದು ಆಯೋಗ ರಚಿಸಿತು. ಅದರ ಸದಸ್ಯ ಎವಾರ್ಟ್ಸ್ ಗ್ರಹಾಂ ಕಂಡುಕೊಂಡದ್ದು ಇಷ್ಟು: ಕಾಯಿಲೆ ಜೋರಾಗಿದ್ದಾಗ ಎದೆಯನ್ನು ತೆರೆದಿಡಬಾರದು, ಮುಚ್ಚಿದ ಕೊಳವೆಯಿಂದಲೇ ಕೀವು ತೆಗೆಯಬೇಕು, ಟೊಳ್ಳು ಜಾಗ ಬೇಗ ಮುಚ್ಚಿಹೋಗುವಂತೆ ನೋಡಿಕೊಳ್ಳಬೇಕು, ರೋಗಿಗೆ ಚೆನ್ನಾಗಿ ಊಟ ಕೊಡಬೇಕು. ಈ ನಿಯಮಗಳನ್ನು ಪಾಲಿಸಿದ ಶಿಬಿರದಲ್ಲಿ ಸಾವು ನೂರಕ್ಕೆ ಐದರ ಆಸುಪಾಸಿಗೆ ಇಳಿಯಿತು. ಸರ್ಜನ್ನರ ಕೈಚಳಕ ಹೆಚ್ಚಿದ್ದರಿಂದ ಆದದ್ದಲ್ಲ ಇದು. ಯಾವಾಗ ಕೈ ಹಾಕಬೇಕು, ಆಮೇಲೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡದ್ದರ ಫಲ. ಪಟ್ಟಿಯಲ್ಲಿ ಊಟಕ್ಕೂ ಒಂದು ಸಾಲು ಸಿಕ್ಕಿತ್ತು.

ಇದೇ ಗ್ರಹಾಂ ಹದಿನೈದು ವರ್ಷದ ಮೇಲೆ, 1933ರ ಏಪ್ರಿಲ್ 5ರಂದು, ಸೇಂಟ್ ಲೂಯಿಸ್ ನಗರದ ಬಾರ್ನ್ಸ್ ಆಸ್ಪತ್ರೆಯಲ್ಲಿ ಜೇಮ್ಸ್ ಗಿಲ್ಮೋರ್ ಎಂಬ ವೈದ್ಯರ ಎಡ ಶ್ವಾಸಕೋಶವನ್ನು ಕ್ಯಾನ್ಸರ್‌ಗಾಗಿ ಒಂದೇ ಹಂತದಲ್ಲಿ ತೆಗೆದರು. ಅಂಥ ಆಪರೇಷನ್ ಆಗಿ ಬದುಕುಳಿದವರಲ್ಲಿ ಗಿಲ್ಮೋರ್ ಮೊದಲಿಗರು. ಖಾಲಿಯಾದ ಜಾಗವನ್ನು ಏನು ಮಾಡುವುದೆಂದು ಯೋಚಿಸಿ ಗ್ರಹಾಂ ಹಲವು ಪಕ್ಕೆಲುಬುಗಳನ್ನೂ ತೆಗೆದು ಎದೆಗೋಡೆಯನ್ನು ಒಳಕ್ಕೆ ಕುಸಿಯುವಂತೆ ಮಾಡಿದ್ದರು. ಆದರೂ ಅಲ್ಲಿ ಕೀವು ಕಟ್ಟಿತು. ಗಿಲ್ಮೋರ್ ಆಸ್ಪತ್ರೆಯಿಂದ ಮನೆಗೆ ಹೋದದ್ದು ಸುಮಾರು ಎರಡೂವರೆ ತಿಂಗಳ ನಂತರ. ಹೋದವರು ಮತ್ತೆ ವೃತ್ತಿಗಿಳಿದು 1963ರವರೆಗೆ ಬದುಕಿದರು. ಗ್ರಹಾಂ ಮಾತ್ರ 1957ರಲ್ಲೇ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತರು. ಧೂಮಪಾನಕ್ಕೂ ಈ ಕ್ಯಾನ್ಸರಿಗೂ ಇರುವ ನಂಟನ್ನು 1950ರಲ್ಲಿ ಅರ್ನ್ಸ್ಟ್ ವೈಂಡರ್ ಜೊತೆ ತೋರಿಸಿಕೊಟ್ಟವರೂ ಅವರೇ.

ಅಷ್ಟರಲ್ಲಿ ಇನ್ನೊಂದು ಶತ್ರು ಸ್ಪಷ್ಟವಾಗತೊಡಗಿತ್ತು. ಆಪರೇಷನ್ ಚೆನ್ನಾಗಿಯೇ ಆಗಿ, ಗಾಯವೂ ಮಾಯುತ್ತಿದ್ದ ರೋಗಿಗೆ ಎರಡು ಮೂರು ದಿನದಲ್ಲಿ ಜ್ವರ, ಏದುಸಿರು. ಲಂಡನ್ನಿನ ವೈದ್ಯ ವಿಲಿಯಂ ಪಾಶ್ಚರ್ 1908ರಿಂದಲೇ ಇದರ ಬಗ್ಗೆ ಬರೆದಿದ್ದರು. ನೋವಿಗೆ ಹೆದರಿ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕಫ ಅಲ್ಲೇ ನಿಲ್ಲುತ್ತದೆ, ಶ್ವಾಸಕೋಶದ ಒಂದು ಭಾಗ ಮುಚ್ಚಿಹೋಗುತ್ತದೆ. ನೋವಿಗೆ ಕೊಡುವ ಮಾರ್ಫಿನ್ ಕೆಮ್ಮನ್ನೂ ಅಡಗಿಸುತ್ತದೆ. ಔಷಧಿಯೇ ತೊಡಕಿಗೆ ದಾರಿ.

ಇದಕ್ಕೆ ಉತ್ತರ ಬಂದದ್ದು ಚಾಕುವಿನಿಂದಲ್ಲ, ಕಸರತ್ತಿನಿಂದ. ಯುದ್ಧದಲ್ಲಿ ಎದೆಗೆ ಗಾಯವಾದ ಸೈನಿಕರಿಗೆ ಉಸಿರಾಟದ ವ್ಯಾಯಾಮ ಕಲಿಸಿದ ಅನುಭವವನ್ನು ಕಾರ್ಟ್‌ಲ್ಯಾಂಡ್ ಮ್ಯಾಕ್‌ಮಹೋನ್ 1915ರಲ್ಲೇ ಪ್ರಕಟಿಸಿದ್ದರು. 1934ರಲ್ಲಿ ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯಲ್ಲಿ ವಿನಿಫ್ರೆಡ್ ಲಿಂಟನ್ ಅದಕ್ಕೊಂದು ಕ್ರಮ ಕೊಟ್ಟರು. ರೋಗಿಯ ಪಕ್ಕೆಯ ಮೇಲೆ ಅಂಗೈ ಇಟ್ಟು, ಆ ಕೈಯನ್ನು ಉಸಿರಿನಿಂದ ತಳ್ಳುವಂತೆ ಹೇಳುವುದು. ಎದೆಯ ಬೇರೆ ಬೇರೆ ಭಾಗಗಳನ್ನು ಬೇರೆ ಬೇರೆಯಾಗಿ ಹಿಗ್ಗಿಸುವುದು. ಗಾಯದ ಮೇಲೆ ಕೈ ಅಥವಾ ದಿಂಬು ಒತ್ತಿಹಿಡಿದು ಕೆಮ್ಮಿಸುವುದು. ಈ ಪಾಠ ಆಪರೇಷನ್ ಆದಮೇಲೆ ಅಲ್ಲ, ಅದಕ್ಕೆ ಮುಂಚೆಯೇ ಶುರುವಾಗಬೇಕು ಎಂಬುದು ಬ್ರಾಂಪ್ಟನ್ ಪದ್ಧತಿಯ ಸಾರ. ನೋವಿನಲ್ಲಿ ನರಳುವವನಿಗೆ ಹೊಸದನ್ನು ಕಲಿಸಲಾಗದು; ಕಲಿತದ್ದನ್ನು ನೆನಪಿಸಬಹುದು. ಚೇತರಿಕೆಯ ಯೋಜನೆ ಆಪರೇಷನ್ ತಾರೀಖಿಗಿಂತ ಹಿಂದಕ್ಕೆ ಸರಿದದ್ದು ಹೀಗೆ.

ಈ ಹೊಸ ಪಾಠಕ್ಕೆ ನೇರ ವಿರುದ್ಧವಾದ ಒಂದು ಲೋಕ ಅದೇ ಕಾಲದಲ್ಲಿ ಇತ್ತು: ಕ್ಷಯರೋಗಿಗಳ ಸ್ಯಾನಟೋರಿಯಂ. ಊರಾಚೆ, ಒಳ್ಳೆಯ ಗಾಳಿ ಬೀಸುವ ಕಡೆ ಕಟ್ಟಿದ ಆ ಆಸ್ಪತ್ರೆಗಳಲ್ಲಿ ವಿಶ್ರಾಂತಿಯೇ ಮದ್ದು. ಅಲುಗಾಡಬೇಡ, ಜೋರಾಗಿ ನಗಬೇಡ, ಕೆಮ್ಮು ಬಂದರೂ ಆದಷ್ಟು ತಡೆದುಕೋ ಎಂಬ ಶಿಸ್ತು. ಕೋಲಾರ ಸೀಮೆಯ ಗಡಿಗೆ ಹತ್ತಿರವಿರುವ ಮದನಪಲ್ಲಿಯ ಬಳಿ 1915ರಲ್ಲಿ ಮಿಷನರಿಗಳು ಶುರುಮಾಡಿದ ಸ್ಯಾನಟೋರಿಯಂ ದಕ್ಷಿಣ ಭಾರತದಲ್ಲಿ ಹೆಸರಾಗಿತ್ತು. ಡೆನ್ಮಾರ್ಕಿನ ವೈದ್ಯ ಕ್ರಿಶ್ಚಿಯನ್ ಫ್ರಿಮೋಟ್-ಮೋಲರ್ ಅದನ್ನು ಬೆಳೆಸಿದರು. ಆ ಜಾಗಕ್ಕೆ ಆರೋಗ್ಯವರಂ ಎಂದೇ ಹೆಸರು ಬಿತ್ತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ, ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ಬಲಿಯಾದರು. ಅವರ ಹೆಸರಿನಲ್ಲಿ ಕಟ್ಟಿಸಿದ ಸ್ಯಾನಟೋರಿಯಂ ಕೆಆರ್‌ಎಸ್ ರಸ್ತೆಯಲ್ಲಿ ಇಂದಿಗೂ ಪಿ.ಕೆ. ಸ್ಯಾನಟೋರಿಯಂ ಎಂದೇ ಜನರ ಬಾಯಲ್ಲಿದೆ.

ವಿಶ್ರಾಂತಿಯ ತರ್ಕವನ್ನು ಸರ್ಜನ್ನರೂ ಮುಂದುವರಿಸಿದರು. ಮೈಗೆ ವಿಶ್ರಾಂತಿ ಒಳ್ಳೆಯದಾದರೆ ಕಾಯಿಲೆ ಬಿದ್ದ ಶ್ವಾಸಕೋಶಕ್ಕೂ ಒಳ್ಳೆಯದಲ್ಲವೇ? ಇಟಲಿಯ ಕಾರ್ಲೋ ಫೋರ್ಲಾನಿನಿ 1882ರಲ್ಲಿ, ಎದೆಯೊಳಕ್ಕೆ ಬೇಕೆಂದೇ ಗಾಳಿ ಬಿಟ್ಟು ಶ್ವಾಸಕೋಶವನ್ನು ಮುದುಡಿಸುವ ಆಲೋಚನೆ ಮುಂದಿಟ್ಟಿದ್ದರು. ಗಾಳಿ ಸಾಲದಿದ್ದರೆ ಥೊರಾಕೋಪ್ಲಾಸ್ಟಿ: ಪಕ್ಕೆಲುಬುಗಳನ್ನು ತೆಗೆದು ಎದೆಗೋಡೆಯನ್ನೇ ಕುಸಿಯುವಂತೆ ಮಾಡುವುದು. ಮಿಷಿಗನ್ನಿನ ಸರ್ಜನ್ ಜಾನ್ ಅಲೆಕ್ಸಾಂಡರ್ 1925ರಲ್ಲಿ ಈ ಶಾಸ್ತ್ರದ ದೊಡ್ಡ ಗ್ರಂಥ ಪ್ರಕಟಿಸಿದರು. ಅದನ್ನು ಅವರು ಬರೆದದ್ದು ತಾವೇ ಬೆನ್ನುಮೂಳೆಯ ಕ್ಷಯದಿಂದ ಹಾಸಿಗೆ ಹಿಡಿದು ಅಂಗಾತ ಮಲಗಿದ್ದಾಗ.

ಒಂದೇ ಸಲಕ್ಕೆ ಎಲ್ಲ ಪಕ್ಕೆಲುಬು ತೆಗೆದರೆ ಎದೆಗೋಡೆ ಉಸಿರೆಳೆದಾಗ ಒಳಕ್ಕೆ, ಬಿಟ್ಟಾಗ ಹೊರಕ್ಕೆ ತಿರುಗಾಮುರುಗಾ ಆಡಿ ರೋಗಿ ಸೋಲುತ್ತಾನೆ. ಆದ್ದರಿಂದ ಎರಡು ಮೂರು ಹಂತಗಳಲ್ಲಿ, ನಡುವೆ ವಾರಗಳ ಅಂತರ ಬಿಟ್ಟು ಮಾಡುತ್ತಿದ್ದರು. ಎಷ್ಟೋ ಸಲ ರೋಗಿ ಎಚ್ಚರವಾಗಿಯೇ ಇರುತ್ತಿದ್ದ. ಕೊಯ್ಯುವ ಜಾಗಕ್ಕಷ್ಟೇ ಮರವಳಿಕೆಯ ಇಂಜೆಕ್ಷನ್. ಪ್ರತಿ ಹಂತಕ್ಕೂ ಮುನ್ನ ಮೈಯಲ್ಲಿ ಕಸುವು ಬಂದಿದೆಯೇ, ತೂಕ ಏರಿದೆಯೇ, ಜ್ವರ ಇಳಿದಿದೆಯೇ ಎಂದು ನೋಡಬೇಕು. ಆಮೇಲೆ ಕುಸಿದ ಭಾಗ ಅದುರದಂತೆ ಮರಳು ಚೀಲ ಇಟ್ಟು ಬಿಗಿಯಾಗಿ ಪಟ್ಟಿ ಕಟ್ಟಬೇಕು. ಎದ್ದು ಕೂರುವ ಹೊತ್ತಿಗೆ ಭುಜ ಸೆಟೆದಿರುತ್ತಿತ್ತು, ಬೆನ್ನು ಒಂದು ಕಡೆಗೆ ವಾಲುತ್ತಿತ್ತು. ಕನ್ನಡಿಯ ಮುಂದೆ ನಿಲ್ಲಿಸಿ ಬೆನ್ನು ನೇರ ಮಾಡಿಸುವ, ತೋಳನ್ನು ತಲೆಯ ಮೇಲೆ ಎತ್ತಿಸುವ ಕಸರತ್ತು ತಿಂಗಳುಗಟ್ಟಲೆ ನಡೆಯಬೇಕಿತ್ತು. ಕೆಮ್ಮಬೇಡ ಎಂದು ವರ್ಷಗಟ್ಟಲೆ ಕಲಿಸಿದ್ದ ಆಸ್ಪತ್ರೆಯೇ ಈಗ ಬಂದು ಕೆಮ್ಮು ಎಂದು ಒತ್ತಾಯಿಸುತ್ತಿತ್ತು.

ಭಾರತದಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ವಿಭಾಗ ಮೊದಲು ತೆರೆದದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, 1949ರಲ್ಲಿ. ಅಮೆರಿಕದ ಸರ್ಜನ್ ರೀವ್ ಬೆಟ್ಸ್ ಅದರ ಸ್ಥಾಪಕರು. ಆರಂಭದ ಕೆಲಸ ಬಹುಪಾಲು ಕ್ಷಯದ್ದೇ. 1960ರ ದಶಕದ ಹೊತ್ತಿಗೆ ಹೃದಯವನ್ನೇ ತೆರೆಯುವ ಆಪರೇಷನ್‌ಗಳೂ ಅಲ್ಲಿ ಶುರುವಾದವು. ವಿಭಾಗ ವೆಲ್ಲೂರಿನಲ್ಲೇ ಮೊದಲು ಬೇರೂರಿದ್ದಕ್ಕೆ ನೆಲ ಹದವಾಗಿತ್ತು. ಐಡಾ ಸ್ಕಡರ್ ಅಲ್ಲಿ 1909ರಲ್ಲೇ ನರ್ಸ್‌ಗಳ ತರಬೇತಿ ಶಾಲೆ ತೆರೆದಿದ್ದರು. 1946ರಲ್ಲಿ ದೆಹಲಿಯ ಜೊತೆಗೇ ವೆಲ್ಲೂರಿನಲ್ಲೂ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಗಿತ್ತು. ಎದೆಯ ಕೊಳವೆಯನ್ನು ಓದಬಲ್ಲ, ಉಸಿರಿನ ಲಯ ಕೆಟ್ಟದ್ದನ್ನು ಡಾಕ್ಟರ್ ಬರುವ ಮೊದಲೇ ಗುರುತಿಸಬಲ್ಲ ಕಣ್ಣುಗಳಿಲ್ಲದೆ ಅಂಥ ವಿಭಾಗ ನಡೆಯದು.

ವಿಶ್ರಾಂತಿಯ ಮೇಲಿನ ನಂಬಿಕೆ ಅಲುಗಾಡಿದ್ದು ನಿಧಾನವಾಗಿ. ಷಿಕಾಗೋದ ಎಮಿಲ್ ರೀಸ್ 1899ರಲ್ಲೇ, ಆಪರೇಷನ್ ಆದವರನ್ನು ಬೇಗ ಎಬ್ಬಿಸಬಹುದು ಎಂದು ಬರೆದಾಗ ಕೇಳಿಸಿಕೊಂಡವರು ಕಡಿಮೆ. ಎರಡು ವಾರ, ಮೂರು ವಾರ ಹಾಸಿಗೆಯಲ್ಲೇ ಇಡುವುದು ರೂಢಿಯಾಗಿ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಆಸ್ಪತ್ರೆಗಳಿಗೆ ಹಾಸಿಗೆಯೂ ಸಾಲಲಿಲ್ಲ, ನರ್ಸ್‌ಗಳೂ ಸಾಲಲಿಲ್ಲ. ಅನಿವಾರ್ಯವಾಗಿ ಬೇಗ ಎಬ್ಬಿಸಿದವರು ಬೇಗ ಚೇತರಿಸಿಕೊಂಡರು. 1946ರಲ್ಲಿ ಡೆಟ್ರಾಯಿಟ್‌ನ ಸರ್ಜನ್ ಡೇನಿಯಲ್ ಲೈಟ್‌ಹೌಸರ್ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಮರುವರ್ಷ ಇಂಗ್ಲೆಂಡಿನ ರಿಚರ್ಡ್ ಆಶರ್ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಪಟ್ಟಿಮಾಡಿ ಚುರುಕಾದ ಲೇಖನ ಪ್ರಕಟಿಸಿದರು: ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಶ್ವಾಸಕೋಶದಲ್ಲಿ ಕಫ ನಿಲ್ಲುವುದು, ಬೆನ್ನಿನ ಹುಣ್ಣು, ಸವೆಯುವ ಮೂಳೆ, ಕುಗ್ಗುವ ಮನಸ್ಸು.

ಸ್ಯಾನಟೋರಿಯಂ ಲೋಕಕ್ಕೆ ಕೊನೆಯ ಏಟು ಬಿದ್ದದ್ದು ಮದರಾಸಿನಲ್ಲಿ. ಸ್ಟ್ರೆಪ್ಟೊಮೈಸಿನ್, ಐಸೋನಿಯಾಜಿಡ್‌ನಂಥ ಔಷಧಿಗಳು ಬಂದಮೇಲೆ, 1956ರಲ್ಲಿ ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರ ವಾಲೆಸ್ ಫಾಕ್ಸ್ ಅವರ ನೇತೃತ್ವದಲ್ಲಿ ಒಂದು ಪ್ರಯೋಗ ಶುರುಮಾಡಿತು. ಬಡ ಕುಟುಂಬಗಳ ಇನ್ನೂರರ ಹತ್ತಿರದಷ್ಟು ರೋಗಿಗಳು. ಒಂದು ಪಾಲು ಸ್ಯಾನಟೋರಿಯಂಗೆ, ಇನ್ನೊಂದು ಪಾಲು ಮನೆಗೆ. ಇಬ್ಬರಿಗೂ ಅದೇ ಔಷಧಿ. ಮನೆಯಲ್ಲಿದ್ದವರಿಗೆ ಒಳ್ಳೆಯ ಊಟವಿಲ್ಲ, ಗಾಳಿಯಾಡುವ ಜಾಗವಿಲ್ಲ, ಪೂರ್ತಿ ವಿಶ್ರಾಂತಿಯೂ ಇಲ್ಲ. 1959ರಲ್ಲಿ ಫಲಿತಾಂಶ ಬಂದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ತಲೆಯೆತ್ತಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಚಿಕಿತ್ಸೆಯನ್ನು ಹಾಸಿಗೆಯಿಂದ ಊರೂರಿಗೆ ಒಯ್ಯುವ ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿತು. ಥೊರಾಕೋಪ್ಲಾಸ್ಟಿ ಕ್ರಮೇಣ ಹಿಂದೆ ಸರಿಯಿತು. ಆ ವಾರ್ಡುಗಳಲ್ಲಿ ಕಲಿತ ಕೊಳವೆಯ ಕಾವಲು, ಉಸಿರಿನ ಕಸರತ್ತು ಕ್ಯಾನ್ಸರ್ ಮತ್ತು ಹೃದಯದ ಆಪರೇಷನ್‌ಗಳಿಗೆ ಬಳುವಳಿಯಾಗಿ ಬಂದವು.

ಮನೆಯತ್ತ ಹೊರಳಿದ ಈ ದಾರಿಗೆ ಎದುರಾಗಿ, ತೀರಾ ಗಂಭೀರ ಸ್ಥಿತಿಯವರಿಗೆ ಇನ್ನೂ ಬಿಗಿಯಾದ ಕಾವಲು ಬೇಕೆಂಬ ತಿಳಿವಳಿಕೆಯೂ ಆಗಲೇ ಮೂಡಿತು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿ ಉಸಿರಾಟದ ಸ್ನಾಯುಗಳೇ ಸೋತಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗಂಟಲಿಗೆ ಕೊಳವೆ ಹಾಕಿಸಿ, ವೈದ್ಯ ವಿದ್ಯಾರ್ಥಿಗಳಿಂದ ಪಾಳಿಯ ಮೇಲೆ ಕೈಯಿಂದಲೇ ಗಾಳಿಚೀಲ ಒತ್ತಿಸಿ ನೂರಾರು ಜೀವ ಉಳಿಸಿದರು. ಮರುವರ್ಷ ಅವರು ಅದೇ ನಗರದಲ್ಲಿ ತೆರೆದ ವಿಶೇಷ ವಾರ್ಡು ಇಂದಿನ ಐಸಿಯುಗಳಿಗೆ ಮೂಲ. ಎದೆಯ ದೊಡ್ಡ ಆಪರೇಷನ್ ಆದವರ ಮೊದಲ ರಾತ್ರಿ ಈಗ ಹೆಚ್ಚಾಗಿ ಐಸಿಯುನಲ್ಲೇ ಕಳೆಯುತ್ತದೆ.

1990ರ ದಶಕದಿಂದ ಕ್ಯಾಮೆರಾ ಇಳಿಸಿ ಸಣ್ಣ ರಂಧ್ರಗಳ ಮೂಲಕ ಶ್ವಾಸಕೋಶದ ಭಾಗ ತೆಗೆಯುವುದು ಸಾಧ್ಯವಾಯಿತು. ಅದೇ ದಶಕದಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್, ಆಪರೇಷನ್ನಿನ ಹಿಂದುಮುಂದಿನ ಪ್ರತಿ ಹೆಜ್ಜೆಯನ್ನೂ ಒಂದೇ ಯೋಜನೆಯಾಗಿ ಹೆಣೆಯಬೇಕೆಂದು ವಾದಿಸಿದರು. 2019ರಲ್ಲಿ ಶ್ವಾಸಕೋಶದ ಶಸ್ತ್ರಚಿಕಿತ್ಸೆಗೇ ಅಂಥ ಮಾರ್ಗಸೂಚಿ ಪ್ರಕಟವಾಯಿತು. ಕನಿಷ್ಠ ನಾಲ್ಕು ವಾರ ಮುಂಚೆ ಧೂಮಪಾನ ಬಿಡಿಸಿ, ತೂಕ ಇಳಿದವರಿಗೆ ಮೊದಲೇ ಊಟ ಸರಿಪಡಿಸಿ, ಮಾರ್ಫಿನ್ ಒಂದನ್ನೇ ನಂಬದೆ ನರಗಳನ್ನು ಮರಗಟ್ಟಿಸಿ ನೋವು ತಗ್ಗಿಸಿ, ಒಂದೇ ಕೊಳವೆ ಹಾಕಿ ಆದಷ್ಟು ಬೇಗ ತೆಗೆಯಿರಿ, ಮೊದಲ ಇಪ್ಪತ್ನಾಲ್ಕು ಗಂಟೆಯಲ್ಲೇ ನಡೆಸಿ ಎನ್ನುತ್ತದೆ ಅದು. 1918ರ ಆಯೋಗದ ಊಟ, ಬ್ರಾಂಪ್ಟನ್‌ನ ಮುಂಗಡ ಪಾಠ, ಯುದ್ಧಕಾಲದ ನಡಿಗೆ ಎಲ್ಲ ಒಂದೇ ಕಾಗದದಲ್ಲಿ ಬಂದು ಕೂತಂತಾಯಿತು.

ಆಸ್ಪತ್ರೆಯ ವಾಸ ತಿಂಗಳುಗಳಿಂದ ದಿನಗಳಿಗೆ ಇಳಿದದ್ದರ ಇನ್ನೊಂದು ಅರ್ಥ, ಒಂದು ಕಾಲಕ್ಕೆ ವಾರ್ಡಿನ ನರ್ಸ್ ಮಾಡುತ್ತಿದ್ದ ಕೆಲಸದ ದೊಡ್ಡ ಪಾಲು ಈಗ ಮನೆಯವರ ಹೆಗಲಿಗೆ ಬಿದ್ದಿದೆ. ಹೃದಯದ ಆಪರೇಷನ್‌ಗಾಗಿ ಕೊಯ್ದ ಎದೆಮೂಳೆ ಕೂಡಿಕೊಳ್ಳಲು ಆರೆಂಟು ವಾರ ಬೇಕು. ಅಲ್ಲಿಯವರೆಗೆ ತುಂಬಿದ ಕೊಡ ಎತ್ತುವಂತಿಲ್ಲ, ಬೈಕು ಓಡಿಸುವಂತಿಲ್ಲ, ಹಗ್ಗ ಜಗ್ಗುವ ಎಮ್ಮೆಯನ್ನು ಹಿಡಿಯುವಂತಿಲ್ಲ. ದಿನಾ ನಡೆಯಬೇಕು, ಉಸಿರಿನ ವ್ಯಾಯಾಮ ಮಾಡಬೇಕು, ಗಾಯ ಕೆಂಪಾದರೆ ಅಥವಾ ಜ್ವರ ಬಂದರೆ ತಡಮಾಡದೆ ಹೋಗಬೇಕು. ಇದನ್ನೆಲ್ಲ ನೋಡಿಕೊಳ್ಳುವವರು ಹೆಂಡತಿ, ಮಗ, ಸೊಸೆ.

ಇದನ್ನು ಮನಗಂಡು ನಡೆದ ಒಂದು ಪ್ರಯತ್ನಕ್ಕೆ ಕರ್ನಾಟಕವೇ ನೆಲೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2010ರ ದಶಕದ ಆರಂಭದಲ್ಲಿ ನಾರಾಯಣ ಹೃದಯಾಲಯ ಸಮೂಹದ ಆಸ್ಪತ್ರೆಗಳಿಗೆ ಬಂದಾಗ, ಹೊರಗೆ ದಿನಗಟ್ಟಲೆ ಕಾದು ಕೂತ ಬಂಧುಗಳನ್ನು ಕಂಡರು. ಕಾಯುವ ಆ ಹೊತ್ತಿನಲ್ಲೇ ಅವರಿಗೆ ಆರೈಕೆ ಕಲಿಸಬಾರದೇಕೆ ಎಂಬ ಯೋಚನೆಯಿಂದ ನೂರಾ ಹೆಲ್ತ್ ಸಂಸ್ಥೆ ಹುಟ್ಟಿತು. ವಾರ್ಡಿನಲ್ಲೇ ನರ್ಸ್‌ಗಳು ವಿಡಿಯೋ ತೋರಿಸಿ, ಕೈ ತೊಳೆಯುವುದು, ಗಾಯ ನೋಡುವುದು, ವ್ಯಾಯಾಮ ಮಾಡಿಸುವುದು, ಅಪಾಯದ ಸೂಚನೆ ಗುರುತಿಸುವುದನ್ನು ಮನೆಯವರಿಂದಲೇ ಮಾಡಿಸಿ ಕಲಿಸಿದರು. ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಮುಂದಿನ ತೊಡಕುಗಳು ಕಡಿಮೆಯಾದದ್ದು ಅಧ್ಯಯನದಲ್ಲಿ ಕಂಡಿತು. ಬಳಿಕ ಸರ್ಕಾರಿ ಆಸ್ಪತ್ರೆಗಳಿಗೂ ಈ ಕ್ರಮ ಹರಡಿತು.

ಶತಮಾನದ ಅನುಭವ ಕೊಟ್ಟ ತೀರ್ಪು ಸ್ಪಷ್ಟವಾಗಿದ್ದರೂ ನಮ್ಮ ಮನೆಗಳಲ್ಲಿ ಇಂದಿಗೂ ಆಪರೇಷನ್ ಆದವರಿಗೆ ಸಿಗುವ ಮೊದಲ ಉಪದೇಶ "ಸುಮ್ಮನೆ ಮಲಗಿರಿ, ಏಳಬೇಡಿ" ಎಂಬುದೇ. ಪ್ರೀತಿಯಿಂದ ಹೇಳಿದ್ದಾದರೂ ಅದು ಸ್ಯಾನಟೋರಿಯಂ ಕಾಲದ ಮಾತು. ಇದನ್ನು ತಿದ್ದಬೇಕಾದ ಬಿಡುಗಡೆ ಚೀಟಿ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಆರೈಕೆ ಮನೆಯವರ ಕೈಗೆ ಬಂದಿರುವಾಗ, ಎಷ್ಟು ನಡೆಯಬೇಕು, ಏನು ಎತ್ತಬಾರದು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂಬುದನ್ನು ಕನ್ನಡದಲ್ಲಿ ಬರೆದು, ಆಪರೇಷನ್ ಆದ ಮೇಲಲ್ಲ, ತಾರೀಖು ಗೊತ್ತುಮಾಡಿದ ದಿನವೇ ಕೊಡುವುದು ಪ್ರತಿ ಆಸ್ಪತ್ರೆಯ ಕೆಲಸವಾಗಬೇಕು. ಕೊಡದಿದ್ದರೆ ರೋಗಿಯ ಕಡೆಯವರು ಕೇಳಿ ಬರೆಸಿಕೊಳ್ಳಬೇಕು.